ತಂತಿಯ ಮೇಲೆ ಗಂಡಸಿನ ಶರ್ಟು

ಕುಡುಗೋಲಿನ ತುದಿ ನನ್ನ ಗಂಟಲಿಗೆ ತಾಗಿತ್ತು.

ಹಿಡಿದ ಕೈ ನಡುಗುತ್ತಿತ್ತು. ಅದೇ ನನ್ನ ಭಯ! ಗಟ್ಟಿ ಕೈಯವರ ಜೊತೆ ಮಾತಾಡಿ ಬಿಡಿಸಿಕೊಳ್ಳಬಹುದು. ನಡುಗುವ ಕೈ ಬೇಡ ಬೇಡವೆನ್ನುತ್ತಲೇ ಕುಯ್ದುಬಿಡುತ್ತದೆ.

"ಯಾರ್ಲಾ ನೀನು?"

"ವಸಂತ್ ಅಂತ... ಹೊಸಕೋಟೆಯಿಂದ ಬಂದಿದ್ದೀನಿ ಅಜ್ಜಿ."

"ನಿನ್ ಊರು ಕೇಳಿದ್ನಾ? ನಮ್ ಹಿತ್ಲಲ್ಲಿ ಏನ್ ಮಾಡ್ತಿದ್ದೆ?"

"ನೀರು ಕೇಳೋಣ ಅಂತ..."

"ನೀರು ಕೇಳೋನು ಮುಂಬಾಗ್ಲಲ್ಲಿ ನಿಂತ್ಕೊಂಡು ಕೇಳ್ತಾನೆ. ಹಿತ್ಲಿಗೆ ಬರೋನು ಕೋಳಿ ಕಳ್ಳ!"

ಮುದುಕಿಯ ಹೆಸರು ಮುನಿವೆಂಕಟಮ್ಮ. ಎಪ್ಪತ್ತು ದಾಟಿದ ಜೀವ. ನನ್ನ ಬೆನ್ನು ಕೊಟ್ಟಿಗೆಯ ಗೋಡೆಗೆ ಅಂಟಿತ್ತು. ಅವಳ ತಲೆಯ ಹಿಂದೆ ಬಟ್ಟೆ ಒಣಗಿಸುವ ತಂತಿ. ತಂತಿಯ ಮೇಲೆ ಗಂಡಸಿನ ಎರಡು ಶರ್ಟು.

ಆ ಶರ್ಟುಗಳೇ ಇಷ್ಟಕ್ಕೆಲ್ಲ ಮೂಲ. ಕುಡುಗೋಲು ಅಲ್ಲೇ ಇರಲಿ. ಮೊದಲು ಅವುಗಳ ವಿಷಯ ಹೇಳುತ್ತೇನೆ, ಕೇಳಿ.

ನಾನು ಹಿಂದೆ ಪತ್ರಿಕೆಯೊಂದಕ್ಕೆ ತಾಲ್ಲೂಕು ವರದಿಗಾರನಾಗಿದ್ದವನು. ಈಗ ಹೊಸಕೋಟೆಯಲ್ಲಿ ಮದುವೆಗೆ ಮುಂಚಿನ ವಿಚಾರಣೆ ಮಾಡಿಕೊಡುತ್ತೇನೆ. ಹುಡುಗ ಕುಡಿಯುತ್ತಾನಾ? ಹುಡುಗಿಗೆ ಹಳೇ ಸ್ನೇಹ ಇತ್ತಾ? ಜನ ಬಾಯಿಬಿಟ್ಟು ಕೇಳಲಾರದ ಪ್ರಶ್ನೆಗಳನ್ನು ನನ್ನ ಕೈಯಲ್ಲಿ ಕೇಳಿಸುತ್ತಾರೆ. ಮನೆ ಬಿಟ್ಟು ಹೋದವರನ್ನೂ ಹುಡುಕುತ್ತೇನೆ. ಪತ್ರಿಕೆಯಲ್ಲಿ ಕಲಿತ ಪಾಠ ಒಂದೇ. ಕಂಡದ್ದನ್ನು ಬರೆ. ಅಂದುಕೊಂಡದ್ದನ್ನು ಬರೆಯಬೇಡ.

ಆ ಮಧ್ಯಾಹ್ನ ಆ ಒಂದು ಪಾಠ ಮರೆತೆ.

ನನ್ನನ್ನು ಕಳುಹಿಸಿದ್ದವನು ಸೂಲಿಬೆಲೆಯ ಚಲಪತಿ. ಕೊಟ್ಟಿಗೆ ತುಂಬ ಹಸು, ಮೈ ತುಂಬ ಕೋಪ. ಅವನ ತಂಗಿ ನವ್ಯಶ್ರೀ. ದೇವನಹಳ್ಳಿ ಏರ್‌ಪೋರ್ಟಿನ ಕಾರ್ಗೋ ಆಫೀಸಿನಲ್ಲಿ ಕೆಲಸ. ಅನುಗೊಂಡನಹಳ್ಳಿಯ ಅನಿಲ್‌ಕುಮಾರ್ ಎಂಬ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಚಪ್ಪರಕ್ಕೆ ಇನ್ನೊಂದು ವಾರ ಇರುವಾಗ ಹುಡುಗಿ ಕೆಲಸಕ್ಕೆಂದು ಹೋದವಳು ಮನೆಗೆ ಬರಲಿಲ್ಲ. ಫೋನ್ ಸ್ವಿಚ್ ಆಫ್!

"ಪೊಲೀಸ್ ಸ್ಟೇಷನ್‌ಗೆ ಹೋಗೋಣ" ಅಂದಿದ್ದೆ.

"ಸ್ಟೇಷನ್‌ಗೆ ಹೋದ್ರೆ ಸಾಯಂಕಾಲದೊಳಗೆ ಬೀಗರ ಮನೇಗೆ ಗೊತ್ತಾಗುತ್ತೆ ಗುರು. ನೀನ್ ಹುಡುಕು. ಎಲ್ಲಿದ್ದಾಳೆ, ಯಾರ ಜೊತೆ ಇದ್ದಾಳೆ, ಅಷ್ಟ್ ಹೇಳು ಸಾಕು. ಮಿಕ್ಕಿದ್ದು ನಾನ್ ನೋಡ್ಕೋತೀನಿ."

ಅವನ ಜೀಪಿನ ಸೀಟಿನ ಕೆಳಗೆ ಮಚ್ಚಿನ ಹಿಡಿ ಕಾಣುತ್ತಿತ್ತು. ನಾನು ಅದನ್ನು ನೋಡಿದೆ. ನೋಡಿದ ಮೇಲೂ ಆಗಲಿ ಅಂದೆ.

ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ್ ಸಿಕ್ಕಿದ. ಫೋಟೋ ನೋಡಿದ ಕೂಡಲೇ ನಕ್ಕ.

"ಈಯಮ್ಮಾನಾ ಸಾರ್? ಕಂಬಿ ಹಿಡ್ಕೊಳಮ್ಮ ಅಂದ್ರೆ ಕೈ ಎತ್ತಲ್ಲ ಅಂತಾಳೆ! ಬ್ಯಾಗು ಬೇರೆಯವ್ರೇ ಎತ್ತಿಡ್ಬೇಕು. ಡ್ರೈವರ್ ಬ್ರೇಕ್ ಹಾಕ್ದ ನೋಡಿ, ಧಡ್ ಅಂತ ಬಿದ್ಲು. ತ್ಯಾಮಗೊಂಡ್ಲಲ್ಲಿ ಇಳ್ಕೊಂಡ್ಲು."

ಕೈ ಎತ್ತಲಿಲ್ಲ. ಬ್ಯಾಗು ಹೊರಲಿಲ್ಲ. ಎರಡೂ ಸತ್ಯ. ನಾನು ಕೊಟ್ಟ ಅರ್ಥ: ಜಂಭ.

ತ್ಯಾಮಗೊಂಡ್ಲಿನಲ್ಲಿ ಯಾರಿದ್ದಾರೆ? ತಾಯಿಯ ತಾಯಿ. ತಾಯಿ ಸತ್ತ ಮೇಲೆ ಜಮೀನಿನ ಜಗಳವಾಗಿ ಎರಡು ಮನೆಗಳಿಗೆ ಮಾತು ನಿಂತಿತ್ತು. ಚಲಪತಿಗೆ ಅಲ್ಲಿ ಹುಡುಕಬೇಕೆಂದು ಹೊಳೆದೇ ಇರಲಿಲ್ಲ. ಊರ ಹೊರಗೆ ಒಂಟಿ ಹೆಂಚಿನ ಮನೆ. ಜಗಲಿಯಲ್ಲಿ ಹುಡುಗಿಯ ಚಪ್ಪಲಿ. ಹಿಂದೆ ಸುತ್ತಿ ಬಂದರೆ ತಂತಿಯ ಮೇಲೆ ಆ ಶರ್ಟುಗಳು! ಒಂದು ಬಿಳಿ, ಒಂದು ನೀಲಿ ಚೌಕಳಿ. ಹೊಸವು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮುದುಕಿಯ ಗಂಡ ಸತ್ತು ಎಷ್ಟೋ ವರ್ಷವಾಯಿತೆಂದು ಬೀದಿಯ ಅಂಗಡಿಯವನು ಆಗ ತಾನೇ ಹೇಳಿದ್ದ.

ಫೋಟೋ ತೆಗೆದೆ. ಲೊಕೇಶನ್ ಹಾಕಿದೆ. ಕೆಳಗೆ ಬರೆದೆ:

"ಸಿಕ್ಕಳು. ಒಳಗೆ ಗಂಡಸು ಇದ್ದಾನೆ."

ಟಿಕ್ಕುಗಳು ತಕ್ಷಣ ನೀಲಿಯಾದವು. ಚಲಪತಿ ದೊಡ್ಡಬಳ್ಳಾಪುರದಲ್ಲೇ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದ. ಉತ್ತರ ಒಂದೇ ಪದ.

"ಬಂದೆ."

ಅದನ್ನು ಓದುತ್ತಿದ್ದಾಗಲೇ ಕುಡುಗೋಲು ಬಂದದ್ದು.

ಈಗ ಮುಂದಕ್ಕೆ ಕೇಳಿ.

"ಅಜ್ಜೀ... ಯಾರ್ ಜೊತೆ ಮಾತಾಡ್ತಿದ್ದೀಯಾ?"

ಒಳಗಿನಿಂದ ಹುಡುಗಿಯ ದನಿ. ಬತ್ತಿದ ದನಿ. ಮುದುಕಿ ತಲೆ ತಿರುಗಿಸಿದಳು. ನನಗೆ ಅಷ್ಟು ಸಾಕಿತ್ತು! ಕುಡುಗೋಲಿದ್ದ ಕೈಯ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದೆ. ಎರಡೇ ನೆಗೆತಕ್ಕೆ ಹಿಂಬಾಗಿಲು. ಕಾಲಿನಲ್ಲಿ ಒದ್ದೆ.

"ಆಚೆ ಬಾರಯ್ಯಾ! ಅವಳಣ್ಣ ಬರ್ತಿದ್ದಾನೆ. ಬದುಕ್ಬೇಕಾದ್ರೆ ಈಗ್ಲೇ ಓಡು!"

ಯಾರೂ ಬರಲಿಲ್ಲ.

ಒಂದೇ ಕೋಣೆ. ಚಾಪೆ. ಗೋಡೆಗೆ ಒರಗಿ ಕೂತ ಹುಡುಗಿ. ಅವಳ ಮೈ ಮೇಲೆ ಗಂಡಸಿನ ಇನ್ನೊಂದು ಶರ್ಟು. ಎಡಗೈ ಪಕ್ಕೆಗೆ ಅಂಟಿಕೊಂಡಿತ್ತು. ಮುಖ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಜ್ವರ! ಎರಡು ಮಾರು ದೂರಕ್ಕೂ ಬಿಸಿ ತಾಗುತ್ತದೆನ್ನಿಸುವ ಜ್ವರ. ಕೋಣೆಯಲ್ಲಿ ಬಾಡಿಸಿದ ಹರಳೆಲೆಯ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಅಪಘಾತದ ವಾರ್ಡುಗಳಲ್ಲಿ ವರದಿಗೆ ಅಲೆದವನಿಗೆ ಅದರ ಗುರುತು ಹೇಳಿಕೊಡಬೇಕಾಗಿಲ್ಲ.

ಕೀವು.

"ಎಲ್ಲಿ ಅವನು?"

"ಯಾರು ಸರ್?"

"ಶರ್ಟಿನೋನು!"

ಅವಳು ತನ್ನ ಶರ್ಟು ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ತುಟಿ ಒಂದಿಷ್ಟು ಓರೆಯಾಯಿತು. ನಗುವೇ ಇರಬೇಕು.

"ದೊಡ್ಡಬಳ್ಳಾಪುರದಲ್ಲಿ ನಾನೇ ತಗೊಂಡಿದ್ದು. ಕೈ ಮೇಲೆತ್ತೋಕೆ ಆಗಲ್ಲ. ತಲೆ ಮೇಲಿಂದ ಹಾಕೋದು ಒಂದೂ ಆಗಲ್ಲ. ಇಷ್ಟು ಸಡಿಲವಾಗಿ, ಮುಂದೆ ಗುಂಡಿ ಇರೋದು ಗಂಡಸ್ರ ಶರ್ಟೇ ಅಲ್ವಾ ಸರ್?"

ನನ್ನ ಕಿವಿ ಸುಟ್ಟವು.

"ಕೈಗೇನಾಗಿದೆ?"

"ಕೈಗಲ್ಲ... ಆಪರೇಷನ್ ಆಗಿದೆ."

"ಅಪೆಂಡಿಕ್ಸಾ?"

"ಅದಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?"

ಮುದುಕಿ ಬಾಗಿಲಲ್ಲಿ ನಿಂತಿದ್ದಳು. ಕುಡುಗೋಲು ಕೈಯಲ್ಲೇ ಇತ್ತು. ಹುಡುಗಿ ಅವಳ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಗೋಡೆಗೆ ಹೇಳಿದಳು.

"ನಂಗೆ ಎಡಗಡೆ ಬೆಳೀಲೇ ಇಲ್ಲ. ಎದೆ. ಹೈಸ್ಕೂಲಿಂದ ಬಟ್ಟೆ ಮಡಿಚಿ ಇಟ್ಕೊಂಡೇ ಓಡಾಡಿದ್ದೀನಿ. ಅಮ್ಮಂಗೆ ಒಬ್ಬಳಿಗೇ ಗೊತ್ತಿತ್ತು. ಅರಿಶಿನದ ದಿನ ಅತ್ತೆ, ದೊಡ್ಡಮ್ಮ, ಪಕ್ಕದ ಮನೆಯೋರು, ಎಲ್ರೂ ಎಣ್ಣೆ ಅರಿಶಿನ ಹಚ್ಚಿ ನೀರ್ ಹಾಕ್ತಾರೆ. ಮೈ ಮೇಲೆ ಒಂದು ಒದ್ದೆ ಸೀರೆ ಅಷ್ಟೇ. ಅಲ್ಲಿ ಬಟ್ಟೆ ಮಡಿಚಿ ಎಲ್ಲಿಡ್ಲಿ?"

ಅವಳು ಶರ್ಟಿನ ಅಂಚು ಎಳೆದುಕೊಂಡಳು.

"ಅದಕ್ಕೇ ಬೆಂಗಳೂರಲ್ಲಿ ಇಂಪ್ಲಾಂಟ್ ಹಾಕಿಸ್ಕೊಂಡೆ. ಮನೇಲಿ ಆಫೀಸ್ ಟ್ರೈನಿಂಗ್ ಅಂದೆ. ಡಾಕ್ಟ್ರು ಎಲ್ಲಾ ಹೇಳಿದ್ರು. ಭಾರ ಎತ್ಬೇಡ. ಕೈ ಭುಜದ ಮೇಲೆ ತರ್ಬೇಡ. ಬಿಸಿ ಇಡ್ಬೇಡ, ಚರ್ಮಕ್ಕೆ ಸ್ವಲ್ಪ ದಿನ ಸ್ಪರ್ಶ ಇರಲ್ಲ. ಊತ, ಕೆಂಪು, ಜ್ವರ ಏನ್ ಕಂಡ್ರೂ ಅವತ್ತೇ ಬಾ... ಮನೆಗೆ ಬಂದ ಮಾರನೇ ಬೆಳಗ್ಗೆ ಅಣ್ಣ ಹಾಲಿನ ಕ್ಯಾನ್ ಎತ್ತೇ ಅಂದ. ಆಗಲ್ಲ ಅಂದ್ರೆ ಯಾಕೆ ಅಂತಾನೆ. ಎತ್ತಿದೆ."

"ಎತ್ತಿದ್ಯಾ!"

"ಒಳಗೆ ಏನೋ ಕಿತ್ತಂಗಾಯ್ತು. ಸಂಜೆ ಹೊತ್ತಿಗೆ ಊದ್ಕೊಂಡು ನೇರಳೆ ಬಣ್ಣ. ಅರಿಶಿನದ ದಿನಾನೂ ಹತ್ರ ಬಂತು. ಇಲ್ಲಿಗೆ ಬಂದ್ಬಿಟ್ಟೆ."

ಆಗ ಮುದುಕಿ ಬಾಯಿಬಿಟ್ಟಳು. ಕುಡುಗೋಲು ಕೆಳಗೆ ಬಂದಿತ್ತು.

"ನಂಗೆ ಬಾವು ಅಂದ್ಲು ಕಣಪ್ಪಾ. ಬರೀ ಬಾವು ಅಂದ್ಲು. ಎದೆ ಬಾವಿಗೆ ಹರಳೆಲೆ ಕಾಯಿಸಿ ಶಾಖ ಕೊಡೋದಲ್ವಾ? ಎಷ್ಟ್ ಬಾಣಂತೀರಿಗೆ ಕೊಟ್ಟಿಲ್ಲ ನಾನು! ಬಿಸಿ ತಾಕ್ತೇನೇ ಅಂತ ಕೇಳ್ದೆ. ಇಲ್ಲ ಅಜ್ಜಿ ಅಂದ್ಲು. ಇನ್ನೊಂಚೂರು ಕಾಯಿಸ್ದೆ. ಈಗ್ಲೇ ತಾಕ್ತೇನೇ? ಇಲ್ಲ ಅಜ್ಜಿ. ಇನ್ನೊಂಚೂರು..."

"ಜ್ವರದ ಮಂಪರು ಸರ್. ಬೇಡ ಅನ್ನೋಕೆ ಕಾರಣ ಹೇಳ್ಬೇಕಲ್ಲ... ಎಲೆ ಇಟ್ಟಿದ್ದೇ ಗೊತ್ತಾಗ್ತಿರ್ಲಿಲ್ಲ" ಅಂದಳು ಹುಡುಗಿ. "ಬೆಳಗ್ಗೆ ನೋಡಿದ್ರೆ ಬೊಬ್ಬೆ. ಒಡೆದೋಯ್ತು."

"ನಾನೇ ಸುಟ್ಬಿಟ್ನಲ್ಲೇ!" ಮುದುಕಿ ಹಣೆ ಬಡಿದುಕೊಂಡಳು. "ಒಳಗೆ ಏನೋ ಇಟ್ಟವ್ರೆ ಅಂತ ಒಂದ್ ಮಾತು ಹೇಳ್ಬಾರ್ದಾಗಿತ್ತಾ? ನನ್ ಹತ್ರ ನಿಂಗೆ ಎಂಥಾ ನಾಚಿಕೇನೇ?"

ನಾನು ಕೊಲೆಗಳ ಬಗ್ಗೆ ಬರೆದವನು. ರುಂಡ ಇಲ್ಲದ ದೇಹದ ಪಕ್ಕ ನಿಂತು ಟೀ ಕುಡಿದವನು. ಆ ಶರ್ಟಿನ ಮೇಲಿನ ಗುಂಡಿಯನ್ನು ನೋಡಲಾರದೆ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ. ಬಿಳಿ ಬಟ್ಟೆಯ ಮೇಲೆ ಹಳದಿ ಒದ್ದೆ ಹರಡಿದ್ದು ಕಣ್ಣಿನ ಅಂಚಿಗೆ ಕಾಣುತ್ತಲೇ ಇತ್ತು.

"ಆಪರೇಷನ್ ಮಾಡಿದ ಡಾಕ್ಟರಿಗೆ ಹೇಳಿದ್ಯಾ?"

"ಅಂಗಡಿಯೋರ ಫೋನಿಂದ ಮಾಡಿದ್ದೆ. ತಕ್ಷಣ ಬಾ ಅಂದ್ರು. ಈ ಜ್ವರದಲ್ಲಿ ಒಬ್ಳೇ ಎರಡು ಬಸ್ಸು ಹೆಂಗ್ ಹತ್ಲಿ?"

"ನೆಲಮಂಗಲಕ್ಕಾದ್ರೂ ಹೋಗ್ಬಹುದಿತ್ತು!"

"ಅಲ್ಲಿ ಯಾವ್ ಆಸ್ಪತ್ರೆಗೆ ಹೋದ್ರೂ ಕೌಂಟರಲ್ಲಿ ನಮ್ಮೋರೇ ಒಬ್ರು ಇರ್ತಾರೆ ಸರ್. ನಾನ್ ಬೆಡ್ ಮೇಲೆ ಮಲಗೋದ್ರೊಳಗೆ ಸೂಲಿಬೆಲೆಗೆ ಫೋನ್ ಹೋಗಿರುತ್ತೆ."

"ಆಗ್ಲೇ ಹೋಗಿದೆ" ಅಂದೆ.

ನನ್ನ ದನಿ ನನಗೇ ಅಸಹ್ಯವಾಯಿತು.

ಚಲಪತಿಗೆ ಫೋನ್ ಹಚ್ಚಿದೆ. ಎಂಜಿನ್ನಿನ ಅಬ್ಬರದ ನಡುವೆ ಎತ್ತಿಕೊಂಡ.

"ಚಲಪತಿ, ನಂದು ತಪ್ಪಾಯ್ತು. ಇಲ್ಲಿ ಯಾವ ಗಂಡಸೂ ಇಲ್ಲ."

"ಶರ್ಟು?"

"ಅದು... ನವ್ಯಂದೇ."

"ಅವನು ಪಕ್ಕದಲ್ಲೇ ನಿಂತ್ಕೊಂಡು ಹೇಳುಸ್ತಾ ಇದ್ದಾನಾ ಗುರು?"

"ಚಲಪತಿ, ಕೇಳು..."

"ಬಾಗ್ಲು ಹಾಕ್ಕೊಳಕ್ಕೆ ಹೇಳು ಅವ್ನಿಗೆ. ಒಡ್ಯಕ್ಕೆ ಮಜಾ ಇರುತ್ತೆ!"

ಕಟ್.

ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು.

"ನಿಜ ಹೇಳ್ಬೇಡಿ ಸರ್. ಯಾರಿಗೆ ಹೇಳಿದ್ರೂ ಅಣ್ಣಂಗೆ ಹೇಳ್ಬೇಡಿ. ಲವರ್ ಇದ್ದಾನೆ ಅಂತ್ಲೇ ಅನ್ಕೊಳ್ಲಿ."

"ಸಾಯಿಸಿಬಿಡ್ತಾನೆ!"

"ಸಾಯಿಸ್ಲಿ. ಅದು ಒಂದೇ ಸಲ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಸಾವಿಗೂ ಅಣ್ಣನೆದುರು ಒಂದು ಪದ ಆಡುವುದಕ್ಕೂ ತೂಕ ಹಾಕಿ, ಸಾವು ಹಗುರ ಎಂದು ನೋಡಿಕೊಂಡಿದ್ದಳು. ಆ ತಕ್ಕಡಿಗೆ ಮಚ್ಚನ್ನು ತಂದು ಹಾಕಿದ್ದವನು ನಾನು.

"ಎದ್ದೇಳಮ್ಮ. ನೆಲಮಂಗಲಕ್ಕೆ ಹೋಗ್ತಿದ್ದೀವಿ."

"ಬೇಡ..."

"ಕೇಳ್ತಿಲ್ಲ, ಹೇಳ್ತಿದ್ದೀನಿ! ಅಜ್ಜಿ, ಅವಳ ಬಲಗಡೆ ಹಿಡ್ಕೊಳಿ. ಎಡಗಡೆ ಮುಟ್ಬೇಡಿ."

ನನ್ನದು ಹಳೆಯ ಆಲ್ಟೋ. ಹಿಂದಿನ ಸೀಟಿನಲ್ಲಿ ಹುಡುಗಿ, ಅವಳ ಪಕ್ಕ ಮುದುಕಿ. ಕುಡುಗೋಲನ್ನೂ ತಂದಿದ್ದಳು.

"ಅದ್ಯಾಕೆ ಅಜ್ಜಿ?"

"ನೀನ್ ಗಾಡಿ ಓಡ್ಸು."

ಊರಿನ ಕೊನೆಯ ಮನೆ ದಾಟಿರಲಿಲ್ಲ. ಕನ್ನಡಿಯಲ್ಲಿ ಕಪ್ಪು ಜೀಪು! ಧೂಳೆಬ್ಬಿಸಿಕೊಂಡು ಅಜ್ಜಿಯ ಮನೆಯ ಕಡೆ ತಿರುಗಿದ್ದು ಗಕ್ಕನೆ ನಿಂತಿತು. ನನ್ನ ಕಾರು ಅವನಿಗೆ ಚೆನ್ನಾಗಿ ಗೊತ್ತು. ಹಿಂದಿನ ಸೀಟಿನಲ್ಲಿ ಗಂಡಸಿನ ಶರ್ಟು ಕಂಡಿರಬೇಕು. ರಿವರ್ಸ್ ಬಂದ. ತಿರುಗಿಸಿದ. ಹಾರ್ನ್ ಮೇಲಿಂದ ಕೈ ತೆಗೆಯದೆ ಬೆನ್ನು ಹತ್ತಿದ.

ನಾನು ಕಾಲು ಒತ್ತಿದೆ.

ರಸ್ತೆ ರಸ್ತೆಯಾಗಿರಲಿಲ್ಲ. ಪೈಪು ಹೂಳಲು ಅಗೆದು, ಮುಚ್ಚಿ, ಮತ್ತೆ ಅಗೆದ ದಾರಿ. ಪ್ರತಿ ಹಳ್ಳಕ್ಕೂ ಹಿಂದಿನಿಂದ ಒಂದು ನರಳಾಟ.

"ಹಳ್ಳ ತಪ್ಸಿ ಓಡ್ಸಲಾ! ಮಗು ನಲುಗ್ತದೆ!"

"ನಿಧಾನ ಮಾಡಿದ್ರೆ ನಿಮ್ ಮೊಮ್ಮಗ ಕೊಚ್ತಾನೆ ಅಜ್ಜಿ!"

"ಅವ್ನು ಕೊಚ್ಚೋದಕ್ಕೆ ಮುಂಚೆ ನೀನೇ ಕೊಲ್ತೀಯ!"

ಧಡ್! ಜೀಪಿನ ಬಂಪರ್ ನಮ್ಮ ಹಿಂಭಾಗಕ್ಕೆ ಗುದ್ದಿತು. ಹುಡುಗಿ ಕಿರುಚಲಿಲ್ಲ. ಅದು ಕಿರುಚಾಟಕ್ಕಿಂತ ಕೆಟ್ಟದಾಗಿತ್ತು... ಉಸಿರು ಒಳಗೆ ಎಳೆದುಕೊಂಡವಳು ಬಿಡಲೇ ಇಲ್ಲ. ಸ್ಟೀರಿಂಗ್ ಎಳೆದು ಹುಲ್ಲು ತುಂಬಿದ ಟ್ರ್ಯಾಕ್ಟರ್ ಒಂದನ್ನು ಎಡಗಡೆಯಿಂದ ಸವರಿಕೊಂಡು ಮುಂದೆ ನುಗ್ಗಿದೆ. ಕನ್ನಡಿ ಕಿತ್ತುಹೋಯಿತು. ಟ್ರ್ಯಾಕ್ಟರಿನವನು ನನ್ನ ವಂಶದ ಹೆಂಗಸರನ್ನೆಲ್ಲ ನೆನೆದ. ಜೀಪು ಅವನ ಹಿಂದೆ ಸಿಕ್ಕಿಕೊಂಡಿತು.

"ತಪ್ಪಿಸ್ಕೊಂಡ್ವಾ?" ಮುದುಕಿ ಕೇಳಿದಳು.

"ತಪ್ಪಿಸ್ಕೊಂಡ್ವಿ!"

ತಿರುವು ದಾಟಿದೆ.

ರಸ್ತೆಗೆ ಅಡ್ಡಲಾಗಿ ಹಾಲಿನ ಟ್ಯಾಂಕರ್!

ಹಳ್ಳಿಯ ಡೈರಿ. ಸಂಜೆಯ ಹಾಲು ಹಾಕುವ ಹೊತ್ತು. ಟ್ಯಾಂಕರ್ ಹಿಂದಕ್ಕೆ ಹೋಗಲಾರದೆ ಮುಂದಕ್ಕೆ ಬರಲಾರದೆ ಒದ್ದಾಡುತ್ತಿತ್ತು. ಎರಡೂ ಕಡೆ ಕ್ಯಾನು ಹಿಡಿದ ಹೆಂಗಸರು, ಗಂಡಸರು, ಸೈಕಲ್ಲುಗಳು. ಇಲಿಗೂ ಜಾಗವಿಲ್ಲ.

ಬ್ರೇಕ್ ಹಾಕಿದೆ. ಹಿಂದೆ ಜೀಪು ಬಂದು ನಿಂತಿತು, ಅದರ ಬಾಗಿಲು ಬಡಿದ ಸದ್ದಾಯಿತು.

ಚಲಪತಿ ಇಳಿದ. ಮಚ್ಚು ಈಗ ಸೀಟಿನ ಕೆಳಗಿರಲಿಲ್ಲ.

ನಾನೂ ಇಳಿದೆ. ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಪಕ್ಕಕ್ಕ್ ಬಾ ವಸಂತಣ್ಣ."

"ಹುಷಾರಿಲ್ಲ ಅವಳಿಗೆ. ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿದ್ದೀನಿ. ಆಮೇಲ್ ಮಾತಾಡೋಣ."

"ಹುಷಾರಿಲ್ವಾ? ಏನಾಗಿದೆ?"

ನಾನು ಬಾಯಿ ತೆರೆದೆ. ಹಿಂದೆ ಗಾಜಿನ ಆಚೆ ಎರಡು ಕಣ್ಣು ನನ್ನ ಬೆನ್ನನ್ನೇ ನೋಡುತ್ತಿವೆಯೆಂದು ಗೊತ್ತಿತ್ತು. ಮುಚ್ಚಿದೆ.

"ನೋಡಿದ್ಯಾ? ಹೇಳಕ್ಕಾಗಲ್ಲ! ನಂಗೊತ್ತು ಏನಾಗಿದೆ ಅಂತ. ಎಷ್ಟ್ ತಿಂಗಳಾಯ್ತು? ಎಲ್ಲಿ ಅವ್ನು? ಡಿಕ್ಕೀಲಿ ಇಟ್ಕೊಂಡಿದ್ದೀಯಾ?"

"ಯಾರೂ ಇಲ್ಲ ಕಣೋ!"

"ಇದ್ದಾನೆ ಅಂತ ಬರೆದೋನು ನೀನೇ!"

ಮಚ್ಚು ಮೇಲೆದ್ದಿತು. ಗುರಿ ನಾನಲ್ಲ, ಕಾರಿನ ಗಾಜು. ಆದರೆ ಗಾಜಿನ ಹಿಂದೆ ಹುಡುಗಿಯ ತಲೆ ಇತ್ತು. ಕೈ ಅಡ್ಡ ಹಾಕಿದೆ. ಮೊದಲು ತಣ್ಣಗೆ ಏನೋ ಹರಿದಂತಾಯಿತು. ಆಮೇಲೆ ಬಿಸಿ. ಮುಂಗೈ ಮೊಣಕೈವರೆಗೆ ಕೆಂಪಾಯಿತು.

ಸಾಲಿನಲ್ಲಿ ಯಾರೋ ಕ್ಯಾನು ಬೀಳಿಸಿದರು. ಹಾಲು ನನ್ನ ಬೂಟಿನವರೆಗೂ ಹರಿದು ಬಂತು.

ಮಚ್ಚು ಮತ್ತೆ ಮೇಲೆದ್ದಿತು.

ಆಗ ಹಿಂಬಾಗಿಲು ತೆರೆಯಿತು. ಆಚೆ ಕಡೆಯದು.

ಮುದುಕಿಯ ಹಿಂದೆಯೇ ನವ್ಯಶ್ರೀ ಇಳಿದಳು. ಮುದುಕಿ ಹಿಡಿಯಲು ಹೋದರೆ ಕೈ ಕೊಡವಿದಳು. ಕಾರಿನ ಮೇಲ್ಭಾಗಕ್ಕೆ ಬಲಗೈ ಊರಿ ನಿಂತಳು. ತೂಗಾಡುತ್ತಿದ್ದಳು.

"ಅಣ್ಣಾ."

"ಬಾಯಿ ಮುಚ್ಚೇ! ಎಲ್ಲಿ ಅವ್ನು?"

"ನನ್ ಎದೇಲಿ ಕೀವಾಗಿದೆ."

ಚಲಪತಿ ನಿಂತ.

"ಏನು?"

"ನನ್ ಎದೇಲಿ. ಎಡಗಡೆ. ಅದು ಹುಟ್ಟಿದಾಗಿಂದ ಸರಿ ಇರ್ಲಿಲ್ಲ. ಸರಿ ಮಾಡಿಸ್ಕೊಂಡೆ. ನೀನ್ ಕ್ಯಾನ್ ಎತ್ತಿಸ್ದೆ. ಹೊಲಿಗೆ ಕಿತ್ತೋಯ್ತು. ಈಗ ಕೊಳೀತಾ ಇದೆ. ನೋಡ್ತೀಯಾ? ನೋಡು!"

ಅವಳ ಬಲಗೈ ಮೇಲಿನ ಗುಂಡಿಗೆ ಹೋಯಿತು.

"ಬೇಡ!"

ಕೂಗಿದವನು ಚಲಪತಿ. ಕೂಗಿದ್ದಲ್ಲ, ಬೇಡಿದ್ದು. ಮುಖ ಆ ಕಡೆ ತಿರುಗಿಸಿ, ಮಚ್ಚು ಹಿಡಿದ ಕೈಯಿಂದಲೇ ಕಣ್ಣು ಮುಚ್ಚಿಕೊಂಡ. ಮೂರು ಜನ ಹಿಡಿದರೂ ನಿಲ್ಲದವನು. ಪೊಲೀಸ್ ಲಾಠಿಗೆ ಬಗ್ಗದವನು. ತಂಗಿಯ ಬಾಯಲ್ಲಿ ಬಂದ ಒಂದು ಮಾತಿಗೆ ನಡುರಸ್ತೆಯಲ್ಲಿ ಕುಸಿದು ಕೂತ!

ಸಾಲಿನಲ್ಲಿ ನಿಂತಿದ್ದ ಗಂಡಸರೆಲ್ಲ ಒಟ್ಟಿಗೆ ಟ್ಯಾಂಕರಿನ ಚಕ್ರ ನೋಡತೊಡಗಿದರು. ನಾನೂ.

ಹೆಂಗಸರು ನೋಡಲಿಲ್ಲ. ಅವರು ಬಂದರು. ದಪ್ಪನೆಯ ಒಬ್ಬಾಕೆ ಕ್ಯಾನು ಕೆಳಗಿಟ್ಟು, ಸೆರಗಿನಿಂದ ಹುಡುಗಿಯ ಮುಂಭಾಗ ಮುಚ್ಚಿ, ಹಣೆ ಮುಟ್ಟಿ ನೋಡಿದಳು.

"ಅಯ್ಯೋ, ಕಾದ ಹೆಂಚು! ಲೇ ಡ್ರೈವರ್, ಟ್ಯಾಂಕರ್ ಮುಂದಕ್ ಎಳಿಯೋ! ಬೇಲಿ ಮುರಿದ್ರೆ ಮುರೀಲಿ! ಏಯ್ ಮಚ್ಚು! ಏನ್ ಪೂಜೆಗೆ ಕೂತಿದ್ದೀಯಾ? ಎದ್ದು ನಿನ್ ಗಾಡಿ ತೆಗಿ!"

ಬೇಲಿ ಮುರಿಯಿತು. ದಾರಿ ಬಿಟ್ಟಿತು.

ಚಲಪತಿ ಎದ್ದ. ಯಾರ ಮುಖವನ್ನೂ ನೋಡದೆ ಜೀಪು ಹತ್ತಿದ. ನನಗೆ ಅಡ್ಡ ಬರುತ್ತಾನೆ ಅಂದುಕೊಂಡೆ. ಮುಂದೆ ಹೋದ. ನೆಲಮಂಗಲದವರೆಗೂ ಹಾರ್ನ್ ಮೇಲೆ ಕೈ ಇಟ್ಟುಕೊಂಡು, ಲಾರಿಗಳನ್ನು ಬೈದು ಪಕ್ಕಕ್ಕೆ ಸರಿಸುತ್ತಾ, ನಮಗೆ ದಾರಿ ಬಿಡಿಸಿಕೊಟ್ಟ. ನಾನು ಒಂದೇ ಕೈಯಲ್ಲಿ ಓಡಿಸಿದೆ. ಇನ್ನೊಂದಕ್ಕೆ ಮುದುಕಿ ತನ್ನ ಸೆರಗು ಹರಿದು ಕಟ್ಟಿದ್ದಳು.

ಆಸ್ಪತ್ರೆಯಲ್ಲಿದ್ದ ಸರ್ಜನ್ ಹೆಸರು ಸಂಘಮಿತ್ರ. ಗಿಡ್ಡ ಹೆಂಗಸು. ದೊಡ್ಡ ಕನ್ನಡಕ.

"ಏನ್ ತೊಂದ್ರೆ?"

ಚಲಪತಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಅದು... ಮೇಲೆ ಮೇಡಂ" ಅಂದ ಚಲಪತಿ.

"ಮೇಲೆ ಅಂದ್ರೆ? ತಲೇನಾ?"

"ಅಲ್ಲ... ಸ್ವಲ್ಪ ಕೆಳಗೆ."

"ಕುತ್ತಿಗೆ?"

"ಇನ್ನೂ..."

ಡಾಕ್ಟರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸ್ಟ್ರೆಚರ್ ಮೇಲಿದ್ದವಳ ಕಡೆ ಬಗ್ಗಿದರು. ನವ್ಯಶ್ರೀ ಕಣ್ಣು ಮುಚ್ಚಿಕೊಂಡೇ ಎಲ್ಲ ಹೇಳಿದಳು. ಎಡಗಡೆಯ ಇಂಪ್ಲಾಂಟ್. ಭಾರ. ಊತ. ಶಾಖ. ಬೊಬ್ಬೆ. ಜ್ವರ. ಒಂದು ಪದವನ್ನೂ ನುಂಗಲಿಲ್ಲ. ಹಾಲಿನವರ ಎದುರು ಒಮ್ಮೆ ಹೇಳಿದ ಮೇಲೆ ಅವಳಿಗೆ ಹೆದರಿಕೆ ಉಳಿದಿರಲಿಲ್ಲ. ಉಳಿದದ್ದು ನಮಗೆ.

ಪರೀಕ್ಷೆ ಮುಗಿಸಿ ಡಾಕ್ಟರು ಹೊರಗೆ ಬಂದರು.

"ಒಳಗೆ ರಕ್ತ ಹೆಪ್ಪುಗಟ್ಟಿದೆ. ಮೇಲೆ ಸುಟ್ಟಿದೆ. ಸೋಂಕು ಇಂಪ್ಲಾಂಟ್ ತನಕ ಇಳಿದಿದೆ. ರಕ್ತಕ್ಕೂ ಸೇರೋಕೆ ಶುರುವಾಗಿದೆ. ಈಗ್ಲೇ ತೆಗೀಬೇಕು."

"ಮತ್ತೆ..." ಚಲಪತಿ ನೆಲ ನೋಡುತ್ತಾ ಕೇಳಿದ. "ಮತ್ತೆ ಹಾಕಿಸ್ಬಹುದಾ ಮೇಡಂ?"

"ಪೂರ್ತಿ ವಾಸಿಯಾದ್ಮೇಲೆ. ಕೆಲವು ತಿಂಗಳು ಬೇಕು. ಅವಳಿಗೆ ಬೇಕು ಅನ್ಸಿದ್ರೆ. ಊದ್ಕೊಂಡ ದಿನಾನೇ ಬಂದಿದ್ರೆ ಬಹುಶಃ ಇದನ್ನೇ ಉಳಿಸ್ಬಹುದಿತ್ತು. ಯಾಕ್ ಬರ್ಲಿಲ್ಲ?"

ಉತ್ತರಕ್ಕೆ ಅವರು ಕಾಯಲಿಲ್ಲ. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಇನ್ನೊಂದು ಕೋಣೆಯಲ್ಲಿ ನನ್ನ ಕೈಗೆ ಹೊಲಿಗೆ ಹಾಕಿದರು. ಹೇಗಾಯಿತು ಅಂದರು. ಗೇಟಿಗೆ ಸಿಕ್ಕಿತು ಅಂದೆ. ಅವತ್ತು ನಾನು ಆಡಿದ ಸುಳ್ಳುಗಳಲ್ಲಿ ಅದೊಂದೇ ಯಾರಿಗೂ ಕೆಡುಕು ಮಾಡದ್ದು.

ಬೆಂಚಿನ ಮೇಲೆ ಚಲಪತಿಯ ಪಕ್ಕ ಕೂತೆ. ಮುದುಕಿ ಎದುರಿನ ಬೆಂಚಿನಲ್ಲಿ ಕೂತು ತನ್ನ ಎರಡು ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಎಲೆ ಕಾಯಿಸಿದ ಕೈಗಳು. ಎಷ್ಟೋ ವರ್ಷ ಮಾತು ಬಿಟ್ಟಿದ್ದ ಮೊಮ್ಮಗ ಎದುರಿಗಿದ್ದ.

"ಹೇಳಿದ್ರೆ ಕ್ಯಾನ್ ನಾನೇ ಎತ್ತಲ್ವಾ ಗುರು?" ಚಲಪತಿ ಕೊನೆಗೆ ಅಂದ. "ನಾನೇನ್ ರಾಕ್ಷಸಾನಾ? ಒಂದ್ ಮಾತು ಹೇಳಿದ್ರೆ..."

"ಏನಂತ ಹೇಳ್ಬೇಕಾಗಿತ್ತು ನಿಂಗೆ?"

ಅವನು ಬಾಯಿ ತೆರೆದ. ತುಟಿ ಆಡಿದವು. ಸದ್ದು ಬರಲಿಲ್ಲ. ಮುಚ್ಚಿಕೊಂಡ.

"ಡಾಕ್ಟರ್ ಹತ್ರಾನೇ 'ಮೇಲೆ' ಅಂದೋನು ನೀನು" ಅಂದೆ.

"ನೀನೇನ್ ಕಮ್ಮಿ? ನನ್ ಮುಖ ನೋಡ್ಕೊಂಡ್ ನಿಂತಿದ್ದೆ."

ನಿಜ.

ಬೆಳಿಗ್ಗೆ ಜ್ವರ ಇಳಿದಿತ್ತು. ಹುಡುಗಿ ಬದುಕಿದ್ದಳು. ಎದೆಯ ಎಡಭಾಗಕ್ಕೆ ದಪ್ಪ ಬ್ಯಾಂಡೇಜು, ಪಕ್ಕದಲ್ಲಿ ಕೊಳೆ ಇಳಿಯಲು ಸಣ್ಣ ಕೊಳವೆ. ಅವಳ ಮುಖ ಮಾತ್ರ ತೊಳೆದಿಟ್ಟಂತಿತ್ತು. ಚಲಪತಿ ಬಾಗಿಲಲ್ಲೇ ನಿಂತು, ಫ್ಯಾನಿಗೆ ಹೇಳಿದ:

"ಮನೇಲಿ ಅಪೆಂಡಿಕ್ಸ್ ಅಂದಿದ್ದೀನಿ. ಬೀಗರಿಗೂ ಅದೇ ಹೇಳ್ತೀನಿ. ಮದ್ವೆ ಮುಂದಕ್ಕ್ ಹಾಕೋಣ ಅಂತೀನಿ. ಯಾರಿಗೂ ಗೊತ್ತಾಗಲ್ಲ."

"ಆ ಹಾಲಿನ ಡೈರಿಯವ್ರಿಗೆಲ್ಲಾ ಗೊತ್ತಲ್ಲಣ್ಣ."

"ಅವ್ರೇನ್ ನಿಂಗೆ ಬೀಗರಾ?"

ಅವಳು ನಕ್ಕಳು. ನೋವಾಗಿ ನಿಲ್ಲಿಸಿದಳು.

"ಊರಿಗೆ ಅಪೆಂಡಿಕ್ಸೇ ಇರ್ಲಿ. ಅನಿಲ್‌ಗೆ ನಾನೇ ಹೇಳ್ತೀನಿ. ಫೋನ್ ಕೊಡು."

"ನವ್ಯಾ, ಹುಚ್ಚಾ ನಿಂಗೆ! ಬೇಡ ಅಂದ್ಬಿಟ್ರೆ?"

"ಅಂದ್ರೆ ಅರಿಶಿನದ ಚಿಂತೆ ಇಲ್ಲ."

ಅವನು ಫೋನ್ ಹಾಸಿಗೆಯ ಮೇಲಿಟ್ಟು ಓಡಿಹೋದ. ಓಡಿಯೇ ಹೋದ! ಅವಳು ನನ್ನ ಕಡೆ ತಿರುಗಿದಳು.

"ಸರ್, ನೀವು ಎಷ್ಟೋ ಜನ ಗಂಡುಗಳ ವಿಚಾರಣೆ ಮಾಡಿದ್ದೀರಂತೆ. ಅನಿಲ್ ಏನಂತಾನೆ?"

ಅನಿಲ್‌ಕುಮಾರ್ ಎಲ್ಲಿ ಓದಿದ, ಯಾರ ಜೊತೆ ಕೂತು ಬಿಯರ್ ಕುಡಿಯುತ್ತಾನೆ, ಒಂದೇ ದಿನದಲ್ಲಿ ಕೇಳಿ ಹೇಳಬಲ್ಲೆ. ಅವಳು ಕೇಳಿದ್ದು ಅದಲ್ಲ. ಹಿಂದಿನ ದಿನವಾಗಿದ್ದರೆ ಏನಾದರೂ ಒಂದು ಅಂದುಬಿಡುತ್ತಿದ್ದೆ.

"ಗೊತ್ತಿಲ್ಲಮ್ಮ" ಅಂದೆ. "ಆ ಮೆಸೇಜ್ ಹಾಕಿದ್ದಕ್ಕೆ... ನಿನ್ ಮುಖ ನೋಡೋಕೆ ನಂಗೆ ಆಗ್ತಿಲ್ಲ."

"ನೋಡ್ಬೇಡಿ. ಗುಂಡಿ ಒತ್ತಿಕೊಡಿ ಸಾಕು. ಈ ಕೈ ಇನ್ನೂ ಏಳಲ್ಲ, ಇನ್ನೊಂದ್ರಲ್ಲಿ ಡ್ರಿಪ್ ಇದೆ."

ಒತ್ತಿಕೊಟ್ಟೆ. ಫೋನನ್ನು ಅವಳ ಕಿವಿಯ ಹತ್ತಿರ ದಿಂಬಿಗೆ ಒರಗಿಸಿದೆ. ರಿಂಗಾಗತೊಡಗಿತು. ಒಂದು ಗಂಡು ದನಿ ಹಲೋ ಅಂದಿತು.

"ಅನಿಲ್, ನಾನು ನವ್ಯಶ್ರೀ. ಮಧ್ಯೆ ಮಾತಾಡ್ದೇ ಕೇಳಿ..."

ನಾನು ಹೊರಗೆ ಬಂದು ಬಾಗಿಲು ಮುಚ್ಚಿದೆ. ಗಟ್ಟಿಯಾಗಿ.

ಕಾರಿಡಾರಿನ ಕೊನೆಯಿಂದ ಚಲಪತಿ ದಾಪುಗಾಲು ಹಾಕಿ ಬಂದ.

"ಏನಂದ?"

"ಯಾರು?"

"ಅನಿಲ್! ಫೋನಲ್ಲಿ ಏನಂದ ಗುರು?"

"ಕೇಳಿಸ್ಕೊಳ್ಲಿಲ್ಲ. ಬಾಗ್ಲು ಹಾಕ್ಕೊಂಡ್ ಬಂದ್ಬಿಟ್ಟೆ."

"ಥೂ! ಬಾಗ್ಲಲ್ಲೇ ಇದ್ದು ಕೇಳಿಸ್ಕೊಳ್ಲಿಲ್ವಾ? ನೀನ್ ಎಂಥಾ ಪತ್ತೇದಾರನೋ?"

"ಕೆಲಸಕ್ಕೆ ಹೊಸಬ ಕಣೋ" ಅಂದೆ. "ಇನ್ನೂ ಕಲೀತಿದ್ದೀನಿ."